ನೂರಾ ನಲವತ್ನಾಲ್ಕರ ಕಣ್ಣು

ಹೊಸ ಮಾನಿಟರ್ ಬಂದಂದಿನಿಂದ ನೇಸರಗಿಯ ವಿರೂಪಾಕ್ಷನಿಗೆ ಊರಿನ ಯಾವ ಪರದೆಯೂ ಕಣ್ಣಿಗೆ ಹಿಡಿಸುತ್ತಿರಲಿಲ್ಲ. ಸೆಕೆಂಡಿಗೆ ನೂರಾ ನಲವತ್ನಾಲ್ಕು ಚಿತ್ರ ತೋರಿಸುವ ಮಾನಿಟರ್ ಅದು. ಗೆಳೆಯರ ಮನೆಗೆ ಹೋದರೆ ಅವರ ಅರವತ್ತರ ಪರದೆ ನೋಡಿ ಹಣೆ ಒತ್ತಿಕೊಂಡು, "ಜಗ್ಗಿ ಜಗ್ಗಿ ಓಡತೈತಲೋ, ತಲಿ ನೋಯತೈತಿ" ಎನ್ನುವನು. ಹಿಟ್ಟಿನ ಗಿರಣಿ ನಡೆಸುವವನಿಗೆ ಇಷ್ಟು ನಾಜೂಕಿನ ಕಣ್ಣು ಎಲ್ಲಿಂದ ಬಂತೋ, ಶಿವನೇ ಬಲ್ಲ.

ಸವದತ್ತಿಯಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬಂದರು. ಹುಡುಗಿ ಉಮಾಶ್ರೀಯೂ ಜೊತೆಗೇ ಬಂದಳು. ಹಿರಿಯರು ಹುಬ್ಬೇರಿಸಿದರು, ವಿರೂಪಾಕ್ಷ ಹಿಗ್ಗಿದ. ಅವಳೂ ಕಂಪ್ಯೂಟರಿನಲ್ಲಿ ಆಟ ಆಡುವವಳೆಂದು ತಿಳಿದಾಗಲೇ, ಮದುವೆಯಾದರೆ ಇವಳನ್ನೇ ಎಂದು ಮನಸ್ಸಿನಲ್ಲಿ ಹರಕೆ ಹೊತ್ತಿದ್ದ.

ಕಾರಿನ ಪಂದ್ಯದ ಆಟ ಹಾಕಿ ತೋರಿಸಿದ. "ಬೆಣ್ಣಿ ಇದ್ದಂಗ ಐತಿ ನೋಡ್ರಿ. ನಮಗ ಇನ್ನ ಅರವತ್ತು ನೋಡಾಕ ಆಗೂದಿಲ್ರಿ."

ಉಮಾಶ್ರೀ ಬಗ್ಗಿ ಪರದೆ ನೋಡಿದಳು. ಅಷ್ಟರಲ್ಲಿ ಅವ್ವ ರಾಚವ್ವ ಚಹಾ ಒಯ್ಯಲು ಕರೆದಳು. ಅವನು ಹೋಗಿ ಬರುವಷ್ಟರಲ್ಲಿ ಹುಡುಗಿ ಸೆಟ್ಟಿಂಗಿನಲ್ಲಿ ಏನೋ ಬದಲಿಸಿದ್ದಳು.

ಮತ್ತೆ ಆಡಲು ಕೂತವನು ಮುಖ ಗಂಟಿಕ್ಕಿದ. "ಏನ್ ಮಾಡಿದ್ರಿ ಇದಕ್ಕ? ಜಾರಿದಂಗ ಆಗಾಕತ್ತೈತಿ. ಮೊದಲ ಹ್ಯಾಂಗಿತ್ತೋ ಹಂಗ ಮಾಡ್ರಿ."

"ಖರೇನ ಮಾಡ್ಲೇನ್ರಿ?"

"ಮಾಡ್ರಿ. ಇಂಥಾದ್ದರಾಗ ನಮ್ಮ ಕಣ್ಣ ಮೋಸ ಹೋಗೂದಿಲ್ಲ."

ಅವಳು ಅವನೆದುರೇ ಸೆಟ್ಟಿಂಗ್ ತೆರೆದಳು. ಅಲ್ಲಿ ನೂರಾ ನಲವತ್ನಾಲ್ಕು ಎಂದಿತ್ತು. ಅದನ್ನು ತೆಗೆದು, ಮೊದಲಿದ್ದ ಅರವತ್ತಕ್ಕೇ ಇಟ್ಟಳು. ವಿರೂಪಾಕ್ಷನಿಗೆ ಆಗ ತಿಳಿಯಿತು. ಮಾನಿಟರ್ ತಂದ ಮೇಲೆ ತಾನು ಆ ಸಂಖ್ಯೆಯನ್ನು ಬದಲಿಸಿಯೇ ಇರಲಿಲ್ಲ. ಇಷ್ಟು ದಿನ ಬೆಣ್ಣೆ ಬೆಣ್ಣೆ ಎಂದು ಆಡಿದ್ದೆಲ್ಲ ಅರವತ್ತರಲ್ಲೇ.

ಬಾಗಿಲಲ್ಲಿ ನಿಂತ ಕಾಕಾ ನಿಜಗುಣಪ್ಪ ಕೇಳಿದ, "ಏನಪಾ, ಈಗ ಸರಿ ಆತೇನು?"

ಉಮಾಶ್ರೀ ವಿರೂಪಾಕ್ಷನ ಮುಖವನ್ನೇ ನೋಡುತ್ತಿದ್ದಳು. ತುಟಿಯಲ್ಲಿ ಸಣ್ಣ ನಗುವಿತ್ತು, ಹಂಗಿಸುವ ನಗುವಲ್ಲ. 'ನಾನ ಮಂಗ್ಯಾ ಆದೆ' ಎಂದು ಒಂದು ಮಾತು ಅಂದಿದ್ದರೆ ಇಬ್ಬರೂ ನಕ್ಕು, ಅಲ್ಲೇ ನಿಶ್ಚಯದ ಸಕ್ಕರೆ ಹಂಚಿಬಿಡಬಹುದಿತ್ತು. ಆದರೆ ಇವನು ಬಿದ್ದರೂ ಮೀಸೆ ಮಣ್ಣಾಗಿಲ್ಲ ಅನ್ನುವ ಪೈಕಿ.

"ಈಗ ನೋಡ್ರಿ ಕಾಕಾ, ಬರೋಬ್ಬರಿ ಆತು" ಅಂದ.

ಅವಳ ನಗು ಹೋಯಿತು. "ಅಪ್ಪಾ, ಹೊಂಡೂಣ್ರಿ. ಬಸ್ ತಪ್ಪತೈತಿ" ಅಂದಳು. ಅವರು ಬಂದದ್ದು ಸ್ವಂತ ಕಾರಿನಲ್ಲಿ.

ಎಲ್ಲರೂ ಹೋದ ಮೇಲೆ ವಿರೂಪಾಕ್ಷ ಕೋಣೆಯ ಬಾಗಿಲು ಹಾಕಿಕೊಂಡು ತಾನೇ ನೂರಾ ನಲವತ್ನಾಲ್ಕಕ್ಕೆ ಇಟ್ಟು ಆಡಿದ. ಸ್ವಲ್ಪ ಹೊತ್ತಿಗೆ ಕಣ್ಣು ಒಗ್ಗಿತು. ಖರೆಯೇ, ಬಹಳ ಚಂದವಿತ್ತು. ಇದನ್ನು ಹೇಳಿಕೊಳ್ಳಬೇಕೆಂದು ಅನ್ನಿಸಿದ್ದು, ಕಾರು ಹತ್ತಿ ಹೋದ ಆ ಒಬ್ಬಳಿಗೇ.