ದಿಲಶಾದಬಿಯ ತಂಬಿಗೆ

ದಿಲಶಾದಬಿಗೆ ಲೂಪಸ್ ಆಗಿದೆ ಎಂದು ಬೆಳಗಾವಿಯ ಡಾಕ್ಟರು ಹೇಳಿದಾಗ ರಾಮದುರ್ಗದ ನಮ್ಮ ಓಣಿ ಆ ಹೆಸರನ್ನು ಒಂದು ವಾರ ಬಾಯಲ್ಲಿ ಹೊರಳಾಡಿಸಿ, ಕೊನೆಗೆ ‘ಸುಸ್ತಿನ ಬ್ಯಾನಿ’ ಎಂದು ತೀರ್ಮಾನಿಸಿತು. ನೋಡಲು ಬಂದವರು ಬಿಸ್ಕೀಟು ಕೊಟ್ಟು, ಅದೇ ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ತಿಂದು, “ಮಲಗವಾ, ಏಳಬ್ಯಾಡ” ಎಂದು ಉಪದೇಶ ಮಾಡಿ ಹೋದರು. ಆ ಚಹಾ ಕಾಸಿದವಳು ಏಳನೇ ತರಗತಿಯ ಮಗಳು ಫರೀನ್.

ಡಾಕ್ಟರು ಹೇಳಿದ್ದು ಉಲ್ಟಾ. “ಗುಳಿಗಿ ಬಿಡಬ್ಯಾಡ್ರಿ. ಜೋಡಿಗೆ ದಿನಾ ನಡೀರಿ. ಮೊದಲ ಹತ್ತ ನಿಮಿಷ, ಆಮ್ಯಾಲ ಸಾವಕಾಶ ಹೆಚ್ಚ ಮಾಡ್ರಿ. ಬಿಸಲ ಏರೂದರೊಳಗ ಮನಿ ಸೇರ್ರಿ. ಸುಸ್ತ ಕಡಿಮಿ ಆಗತೈತಿ.”

ಅತ್ತೆ ನಕ್ಕಳು. ನಕ್ಕು ಬಿಟ್ಟಿದ್ದರೆ ಚಿಂತೆಯಿರಲಿಲ್ಲ. “ಜೂನ್ ತನಕಾ ನೋಡ್ತೇನಿ. ನಿನಗ ಒಲಿ ಮುಂದ ಕುಂದ್ರಾಕ ಆಗಲಿಲ್ಲಂದ್ರ ಫರೀನ್ ಸಾಲಿ ಬಿಡ್ತಾಳ” ಎಂದಳು. ಗಂಡ ಪೀರಸಾಬ ತಲೆ ತಗ್ಗಿಸಿದ. ಎಂಥ ಸಂದಿಯಲ್ಲೂ ಟಂಟಂ ಆಟೋ ತಿರುಗಿಸುವ ಗಂಡಸಿಗೆ ತಾಯಿಯ ಮುಂದೆ ನಾಲಿಗೆ ತಿರುಗಲಿಲ್ಲ. ಆಗ ಎರಡು ಸಾವಿರದ ನಾಲ್ಕರ ಮಾರ್ಚ್.

ಮರುದಿನ ನಸುಕಿನಲ್ಲೇ ದಿಲಶಾದಬಿ ಸುರೇಬಾನದ ರಸ್ತೆ ಹಿಡಿದಳು. ನೂರು ಹೆಜ್ಜೆ ಹಾಕಿರಲಿಲ್ಲ, ಒಂದು ಟಂಟಂ ಗಕ್ಕನೆ ನಿಂತಿತು.

“ಭಾಬಿ, ಪೀರಸಾಬನ ಮನಿಯವರು ನಡಕೊಂತ ಹೋಗೂದಂದ್ರೇನ್ರಿ? ಹತ್ರಿ!”

ಡ್ರೈವರನ ಹೆಂಡತಿ ನಡೆದರೆ ಇಡೀ ಸ್ಟ್ಯಾಂಡಿನ ಮಾನ ಹೋಗುತ್ತದಂತೆ. ಬೇಡವೆಂದರೂ ಬಿಡದೆ ಹತ್ತಿಸಿಕೊಂಡು ಮನೆ ಬಾಗಿಲಿಗೇ ಇಳಿಸಿದ. ಎರಡನೇ ದಿನ ಇನ್ನೊಬ್ಬ. ಮೂರನೇ ದಿನ ಖುದ್ದು ಗಂಡ. ಇಂಥ ಪ್ರೀತಿ ಹಗೆಯವರಿಗೂ ಬೇಡ. ದಿಲಶಾದಬಿ ಹಿತ್ತಲಲ್ಲಿ ಕುಳಿತು ಅತ್ತಳು.

ಪಕ್ಕದ ಮನೆಯ ಶಟ್ಟೆವ್ವ ನೀರಿನ ತಂಬಿಗೆ ಹಿಡಿದು ಬಯಲಿಗೆ ಹೊರಟಿದ್ದಳು.

“ಶಟ್ಟೆವ್ವಾ, ನಿನ್ನ ಯಾರೂ ಹತ್ತಿಸಿಕೊಳ್ಳೂದಿಲ್ಲೇನ?”

“ತಂಬಗಿ ಹಿಡದಾಕೀನ್ನ ಯಾವ ಗಂಡಸ ಮಾತಾಡಸ್ತಾನವಾ? ಮಾರಿ ಹೊಳ್ಳಿಸಿ ಹೋಗತಾವ.”

ಮರುದಿನ ದಿಲಶಾದಬಿಯ ಕೈಯಲ್ಲೂ ತಂಬಿಗೆ. ಟಂಟಂಗಳು ಹಾರ್ನ್ ಕೂಡ ಹೊಡೆಯದೆ ದಾಟಿದವು. ಡ್ರೈವರುಗಳೆಲ್ಲ ಆಚೆ ಬದಿಯ ಬೇವಿನ ಗಿಡಗಳನ್ನು ಭಕ್ತಿಯಿಂದ ನೋಡುತ್ತ ಹೋದರು. ನಮ್ಮೂರೇ ಹಾಗೆ: ಆರೋಗ್ಯಕ್ಕೆಂದು ನಡೆಯುವ ಹೆಂಗಸಿಗೆ ದಾರಿಯಿಲ್ಲ, ಬಯಲಿಗೆ ಹೋಗುವವಳಿಗೆ ರಸ್ತೆಯೆಲ್ಲ ಬಿಟ್ಟುಕೊಡುತ್ತದೆ.

ಹತ್ತು ನಿಮಿಷ ಹದಿನೈದಾಯಿತು, ಅರ್ಧ ತಾಸಾಯಿತು. ಕೀಲು ಹಿಡಿದ ದಿನ ಅರ್ಧಕ್ಕೇ ಮರಳುತ್ತಿದ್ದಳು. ಮೇ ಮುಗಿಯುವ ಹೊತ್ತಿಗೆ ಒಲೆ ಮುಂದೆ ಕುಳಿತು ಒಂದೇ ಉಸಿರಿಗೆ ಎಂಟು ರೊಟ್ಟಿ ಬಡಿದಳು. ಅತ್ತೆ ಎಂಟನ್ನೂ ಎಣಿಸಿ ಸುಮ್ಮನಾದಳು.

ಸುಮ್ಮನಾಗದವನು ಪೀರಸಾಬ. ಹಿಂದಿನ ವರ್ಷವಷ್ಟೇ ಬಿಳಿ ಟೈಲ್ಸ್ ಹಾಕಿ ಪಾಯಖಾನೆ ಕಟ್ಟಿಸಿ, ಸ್ಟ್ಯಾಂಡಿನವರನ್ನೆಲ್ಲ ಕರೆದು ತೋರಿಸಿದ್ದ. ಈಗ ಅವರು ಕೇಳತೊಡಗಿದರು: “ಪೀರಸಾಬ, ನಿನ್ನ ಪಾಯಖಾನಿ ಬರೇ ತೋರಸಾಕ ಐತೇನ?”

“ನನ್ನ ಮಾನಾ ಕಳದಿ!” ಎಂದು ಮನೆಗೆ ಬಂದು ಕೂಗಾಡಿದ.

“ನಿಮ್ಮ ಮಾನಾ ಟೈಲ್ಸಿನ್ಯಾಗ ಐತ್ರಿ, ನನ್ನ ಮಗಳ ಸಾಲಿ ನನ್ನ ಕಾಲಾಗ ಐತಿ. ಬರಿಗೈಲೆ ನಡಿಯಾಕ ಬಿಡ್ರಿ, ತಂಬಗಿ ಇಡ್ತೇನಿ.”

ಪೀರಸಾಬ ಸ್ಟ್ಯಾಂಡಿಗೆ ಹೋಗಿ, ತನ್ನ ಹೆಂಡತಿಯನ್ನು ಯಾರೂ ಹತ್ತಿಸಿಕೊಳ್ಳಬಾರದೆಂದು ಎಲ್ಲರಿಂದ ಆಣೆ ಮಾಡಿಸಿದ. ತಾನೂ ಮಾಡಿದ.

ಮರುದಿನ ಅವಳು ಬರಿಗೈಯಲ್ಲಿ ಹೊರಟಂತೆ ಕಂಡಿತು. ಆಣೆಗೆ ಬೆಲೆ ಕೊಟ್ಟು ನಾಲ್ಕು ಟಂಟಂ ದಾಟಿದವು. ಐದನೆಯದು ಗಕ್ಕನೆ ನಿಂತಿತು. ಒಳಗೆ ಪೀರಸಾಬ.

“ಹತ್ತ ದಿಲಶಾದ, ಬಿಸಲ ಬರೂ ಹೊತ್ತಾತು.”

ದಿಲಶಾದಬಿ ಸೆರಗಿನ ಮರೆಯಿಂದ ತಂಬಿಗೆ ತೆಗೆದು ಹಿಡಿದಳು. ಪೀರಸಾಬನ ಮುಖ ತಾನೇ ತಾನಾಗಿ ಬೇವಿನ ಗಿಡದ ಕಡೆ ಹೊರಳಿತು, ಗಾಡಿ ಮುಂದೆ ಹೋಯಿತು.

ಎಂಟನೇ ತರಗತಿಗೆ ಹೆಸರು ಹಚ್ಚುವ ದಿನ ತಾಯಿ ಮಗಳು ಶಾಲೆಯವರೆಗೆ ನಡೆದೇ ಹೋದರು. ದಿಲಶಾದಬಿಯ ಒಂದು ಕೈಯಲ್ಲಿ ಬಿಸಿಲಿಗೆ ಕೊಡೆ, ಇನ್ನೊಂದರಲ್ಲಿ ತಂಬಿಗೆ. ದಾರಿಯಲ್ಲಿ ಒಬ್ಬನೂ ಗಾಡಿ ನಿಲ್ಲಿಸಲಿಲ್ಲ.