ಹದಿನೈದು ದಿನದ ಮಿಸ್

ಹದಿನೈದು ದಿನ ಮಕ್ಕಳಿಗೆ ಪಾಠ ಹೇಳುವುದಕ್ಕೆ ಹೊರದೇಶದಿಂದ ಬಂದ ಹೊಸ ಮಿಸ್ ಬಾಲವಾಡಿ ನಡೆಸುವ ಸಂಸ್ಥೆಗೆ ಕಟ್ಟಿದ್ದು ಒಂದು ಲಕ್ಷದ ನಲವತ್ತು ಸಾವಿರ ರೂಪಾಯಿ. ವಿಮಾನದ ಟಿಕೆಟ್ ಬೇರೆ. ಅದೇ ಮಕ್ಕಳಿಗೆ ವರ್ಷವಿಡೀ ಅಕ್ಷರ ಹೇಳಿಕೊಟ್ಟು, ಮೂಗು ಒರೆಸಿ, ಚಡ್ಡಿ ಬದಲಾಯಿಸುವ ಮುನಿಕೃಷ್ಣಮ್ಮನಿಗೆ ಸಂಸ್ಥೆ ಕೊಡುತ್ತಿದ್ದದ್ದು ತಿಂಗಳಿಗೆ ಒಂಬತ್ತು ಸಾವಿರ. ಇಪ್ಪತ್ತೆರಡು ಮಕ್ಕಳ ಹಾಲು, ಮೊಟ್ಟೆಗೆ ಎಂಟು ಸಾವಿರ. ಜಕ್ಕೂರಿನ ಹಳೇ ಊರೊಳಗಿನ ಆ ಒಂದು ಕೋಣೆಯ ಬಾಲವಾಡಿಗೆ ಬಾಡಿಗೆ ಹನ್ನೆರಡು ಸಾವಿರ. ಮಿಕ್ಕಿದ್ದು ಎಲ್ಲಿ ಹೋಗುತ್ತದೆಂದು ಅವಳು ಕೇಳಿದವಳಲ್ಲ. ಅವಳ ಸಿಟ್ಟೆಲ್ಲ ಇದ್ದದ್ದು ಆಲ್ಬಮ್ಮಿನ ಮೇಲೆ.

ಸಂಸ್ಥೆಯದೊಂದು ಪದ್ಧತಿ. ಹೊರದೇಶದಿಂದ ಸೇವೆ ಮಾಡಲು ಬರುವ ಒಬ್ಬೊಬ್ಬರಿಗೂ ಒಂದೊಂದು ಮಗುವನ್ನು ಗೊತ್ತುಮಾಡುವುದು. ಅವರು ಹದಿನೈದು ದಿನ ಆ ಮಗುವನ್ನು ಸೊಂಟದಿಂದ ಇಳಿಸದೆ ಓಡಾಡಿ, ತುತ್ತು ತಿನ್ನಿಸಿ, ಕೊನೆಯ ದಿನ ಕೇಕು ಕತ್ತರಿಸಿ, ಅಳುತ್ತಾ ಫೋಟೋ ತೆಗೆಸಿಕೊಂಡು, ಆಲ್ಬಮ್ ಹಿಡಿದು ವಿಮಾನ ಹತ್ತುವುದು. ಮಕ್ಕಳು ಎಲ್ಲರನ್ನೂ ‘ಹೊಸ ಮಿಸ್’ ಎಂದೇ ಕರೆಯುತ್ತಿದ್ದವು. ಒಬ್ಬರ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಇನ್ನೊಬ್ಬರು ಬಂದಿರುತ್ತಿದ್ದರು.

ನಾಲ್ಕು ವರ್ಷದ ಐಮನ್‌ಳ ತಾಯಿ ಮನೆಗೆಲಸಕ್ಕೆಂದು ಕುವೈತಿಗೆ ಹೋಗಿದ್ದಳು. ಸಾಕುತ್ತಿದ್ದವಳು ಅಜ್ಜಿ ಅಕ್ಬರಿ. ಬಾಲವಾಡಿಗೆ ಸೇರಿದ ಮೇಲೆ ಮೂರು ತಿಂಗಳು ಮಗು ತುಟಿ ಬಿಚ್ಚಿರಲಿಲ್ಲ. ಮುನಿಕೃಷ್ಣಮ್ಮ ಏನೂ ಕೇಳದೆ, ದಿನಾ ಒಂದು ಹಿಡಿ ಸೊಪ್ಪನ್ನು ಅದರ ಮುಂದೆ ಹಾಕಿ, ತಾನೂ ಪಕ್ಕದಲ್ಲಿ ಕೂತು ಬಿಡಿಸುತ್ತಿದ್ದಳು. ಒಂದು ದಿನ ಐಮನ್ ಎಲೆಯೊಂದನ್ನು ಎತ್ತಿ ಹಿಡಿದು, “ಹುಳ” ಎಂದಿತು. ಅಲ್ಲಿಂದ ಶುರುವಾದ ಮಾತು ಸಂಜೆತನಕ ನಿಲ್ಲುತ್ತಿರಲಿಲ್ಲ.

ಜುಲೈನಲ್ಲಿ ಬಂದ ಮಿಸ್‌ಗೆ ಐಮನ್‌ಳನ್ನು ಗೊತ್ತುಮಾಡಿದರು. ಆಕೆ ಹೋದ ಮೇಲೆ ಮಗು ಒಂಬತ್ತು ದಿನ ಕಿಟಕಿಯ ಸರಳು ಹಿಡಿದು ನಿಂತಿತು. ಮಾತು ನಿಂತಿತು, ನಿಂತಲ್ಲೇ ಒದ್ದೆ ಮಾಡಿಕೊಳ್ಳತೊಡಗಿತು. ಮತ್ತೆ ಸೊಪ್ಪು, ಮತ್ತೆ ಎರಡು ತಿಂಗಳು. ಮಾತು ಮರಳಿ ಬರುವ ಹೊತ್ತಿಗೆ, ಸಂಸ್ಥೆಯ ಕೆಲಸ ನೋಡಿಕೊಳ್ಳುತ್ತಿದ್ದ ಅಶ್ವತ್ಥ್ ಇನ್ನೊಬ್ಬಳನ್ನು ಕರೆತಂದ.

“ಅಮ್ಮ, ಇವ್ರಿಗೆ ಐಮನ್.”

“ಅವಳು ಬ್ಯಾಡ. ಯಾವ ಮಗೂನೂ ಬ್ಯಾಡ. ಇಪ್ಪತ್ತೆರಡೂ ಮಕ್ಕಳನ್ನ ನೋಡ್ಕಳ್ಳಿ.”

“ವೆಬ್‌ಸೈಟಲ್ಲಿ ಫೋಟೋ ನೋಡಿ, ಇದೇ ಮಗು ಅಂತ ಬುಕ್ ಮಾಡ್ಕೊಂಡ್ ಬಂದವ್ರೆ ಕಣಮ್ಮ. ಕಣ್ಣು ದೊಡ್ಡದಾಗಿದ್ಯಲ್ಲ.”

“ಬುಕ್ ಮಾಡಕ್ಕೆ ಮಗು ಏನ್ ಕಲ್ಯಾಣ ಮಂಟಪವೇನಪ್ಪ?”

ಅಷ್ಟರಲ್ಲಿ ಆ ಹುಡುಗಿ ನೆಲಕ್ಕೆ ಮಂಡಿಯೂರಿ ಎರಡೂ ಕೈ ಚಾಚಿದಳು. ಇಪ್ಪತ್ತೋ ಇಪ್ಪತ್ತೊಂದೋ ವಯಸ್ಸು, ಕೆಟ್ಟವಳಲ್ಲ ಎಂದು ಮುಖವೇ ಹೇಳುತ್ತಿತ್ತು. ಐಮನ್ ಒಂದು ಗಳಿಗೆ ನೋಡಿ, ಓಡಿಹೋಗಿ ಅವಳ ಮಡಿಲಲ್ಲಿ ಕೂತಿತು. ಮುನಿಕೃಷ್ಣಮ್ಮ ದಡದಡನೆ ಹೋಗಿ ಮಗುವನ್ನು ಎತ್ತಿಕೊಂಡಳು.

“ಏನಮ್ಮ ಇದು, ಗೆಸ್ಟು!” ಎಂದ ಅಶ್ವತ್ಥ್.

“ಗೆಸ್ಟಿಗೆ ಕುರ್ಚಿ ಹಾಕು. ಮಗೂನ ಹಾಕ್ಬ್ಯಾಡ.”

ಮಧ್ಯಾಹ್ನ ಅಕ್ಬರಿ ಮೊಮ್ಮಗಳನ್ನು ಕರೆದೊಯ್ಯಲು ಬಂದಳು. ಎದುರಿನ ಅಪಾರ್ಟ್‌ಮೆಂಟಿನಲ್ಲಿ ಕಸ ಗುಡಿಸಿ, ಮೇಡಂಗಳ ಜೊತೆ ಒದ್ದಾಡಿ ಒಂದಿಷ್ಟು ಇಂಗ್ಲಿಷ್ ಕಲಿತಿದ್ದಳು.

“ಹೋದ ಸಲ ಏನಾಯ್ತು ಅಂತ ಈ ಹುಡುಗೀಗೆ ಹೇಳೇ ಅಕ್ಬರಿ,” ಎಂದಳು ಮುನಿಕೃಷ್ಣಮ್ಮ.

ಅಕ್ಬರಿ ಅಶ್ವತ್ಥನ ಕಡೆ ನೋಡಿ ದನಿ ತಗ್ಗಿಸಿದಳು. “ಬ್ಯಾಡಕ್ಕ. ಹಾಲು ಮೊಟ್ಟೆ ಎಲ್ಲಾ ನಿಂತೋಯ್ತದೆ.”

“ಅವಳ ಮಾತು ನಿಂತೋದ್ರೆ?”

ಅಕ್ಬರಿ ಹುಡುಗಿಯತ್ತ ತಿರುಗಿದಳು. “ಮೇಡಂ, ಲಾಸ್ಟ್ ಮಿಸ್ ಗೋ. ಬೇಬಿ ನೈನ್ ಡೇಸ್ ವಿಂಡೋ. ನೋ ಟಾಕ್. ಆಲ್ ವೆಟ್. ಯು ಆಲ್ಸೋ ಗೋ, ನೋ?”

ಹುಡುಗಿಯ ಮುಖ ಕೆಂಪಾಯಿತು. ನಿಜವೇ ಎಂಬಂತೆ ಅಶ್ವತ್ಥನನ್ನು ನೋಡಿದಳು. ಅವನು ನಕ್ಕು, ಕೈಯಾಡಿಸುತ್ತಾ ಇಂಗ್ಲಿಷಿನಲ್ಲಿ ಏನೋ ಹೇಳಿದ. ಅದರಲ್ಲಿ ಮುನಿಕೃಷ್ಣಮ್ಮನಿಗೆ ಗೊತ್ತಾದದ್ದು ಒಂದೇ ಮಾತು.

“ಅಡ್ಜಸ್ಟಾ? ನಿನ್ ಮಗಳನ್ನ ತಂದು ಇಲ್ಲಿ ಕೂರ್ಸು ಅಶ್ವತ್ಥ್. ತಿಂಗಳಿಗೆ ಇಬ್ಬಿಬ್ರು ತಾಯಂದ್ರನ್ನ ಕೊಟ್ಟು ಕಿತ್ಕೋತೀನಿ. ಅಡ್ಜಸ್ಟ್ ಆಗ್ತಾಳಾ ನೋಡಾಣ!”

ಹುಡುಗಿ ಮಾರನೆಯ ದಿನ ಬಂದು, ಯಾರನ್ನೂ ಎತ್ತಿಕೊಳ್ಳದೆ, ತಟ್ಟೆ ತೊಳೆದಳು. ಮೂರನೆಯ ದಿನ ಬರಲಿಲ್ಲ. ದುಡ್ಡು ವಾಪಸ್ ಕೇಳಿದಳಂತೆ. ನಡೆದದ್ದನ್ನೆಲ್ಲ ಬರೆದು, ಮುಂದೆ ಬರಬೇಕಿದ್ದವರಿಗೂ ಕಳಿಸಿದಳಂತೆ. ಅವರೂ ಬರಲಿಲ್ಲ. ತಿಂಗಳು ತುಂಬುವ ಮೊದಲೇ, ಬಾಲವಾಡಿ ಮುಚ್ಚುತ್ತೇವೆಂದು ಅಶ್ವತ್ಥ್ ಬೀಗದ ಕೈ ಕೇಳಲು ಬಂದ.

“ಒಂದ್ ಮಗು ಸಲುವಾಗಿ ಇಪ್ಪತ್ತೊಂದು ಮಕ್ಕಳ ಹೊಟ್ಟೆ ಮೇಲೆ ಹೊಡೆದ್ರಲ್ಲಮ್ಮ. ಸಮಾಧಾನ ಆಯ್ತಾ?”

ಹೊಡೆತ ಬಿದ್ದದ್ದಂತೂ ಸುಳ್ಳಲ್ಲ. ಒಂದು ಮೊಟ್ಟೆ ಬೇಕಾದರೆ ಒಂದು ಮಗುವನ್ನು ಕೊಡಬೇಕು ಎಂಬ ಲೆಕ್ಕ ಮಾಡಿದವರೇ ಬಂದು ತನ್ನನ್ನು ಪ್ರಶ್ನೆ ಕೇಳುತ್ತಿದ್ದಾರಲ್ಲ ಎಂದುಕೊಂಡು ಅವಳು ಬೀಗದ ಕೈಯನ್ನು ಅವನ ಕಾಲ ಬಳಿ ಎಸೆದಳು.

ಮುನಿಕೃಷ್ಣಮ್ಮನ ಕೆಲಸ ಹೋಯಿತು. ಈಗ ಎರಡು ಮನೆಗಳಲ್ಲಿ ಅಡುಗೆ ಮಾಡುತ್ತಾಳೆ. ಹದಿನಾಲ್ಕು ಮಕ್ಕಳಿಗೆ ಸರ್ಕಾರಿ ಅಂಗನವಾಡಿಯಲ್ಲಿ ಜಾಗ ಸಿಕ್ಕಿತು, ಐಮನ್‌ಗೂ ಸೇರಿ. ಉಳಿದ ಎಂಟು ಮಕ್ಕಳು ತಾಯಂದಿರ ಜೊತೆ ಕಟ್ಟಡದ ಕೆಲಸದ ಜಾಗಕ್ಕೆ ಹೋಗಿ ಮರಳಿನಲ್ಲಿ ಕೂರುತ್ತವೆ. ಅವಕ್ಕೆ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ. ಐಮನ್ ಮಾತಾಡುತ್ತಿದೆ.