ಎರಡು ಸೆಂಟಿಮೀಟರ್ ಓಕ್

ನನ್ನ ಗಂಡ ಆಲ್ಗೊಟ್ ನಲವತ್ತು ವರ್ಷ ದೋಣಿ ಕಟ್ಟಿದ. ಎಲ್ಲವೂ ಕಾರ್ಖಾನೆಯ ಮಾಲೀಕರ ಹೆಸರಿನಲ್ಲೇ ನೀರಿಗಿಳಿದವು. ತನಗೆಂದು ಕಟ್ಟಿಕೊಂಡದ್ದು ಒಂದೇ ಒಂದು. ಅದನ್ನೂ ಬೇಕೆಂದೇ ಐದೂವರೆ ಮೀಟರಿಗೆ ಎರಡು ಸೆಂಟಿಮೀಟರ್ ಕಡಿಮೆ ಮಾಡಿದ. ಸಣ್ಣ ಮೋಟಾರಿನ ದೋಣಿ ಐದೂವರೆ ಮುಟ್ಟದಿದ್ದರೆ ನೋಂದಣಿ ಬೇಡ, ಮೂತಿಯ ಮೇಲೆ ನಂಬರೂ ಬೇಡ. ಇದು ನಮ್ಮ ಕೊರ್ಪೊ ದ್ವೀಪದಲ್ಲಿ ಎಲ್ಲರಿಗೂ ಗೊತ್ತು.

"ನಾನು ಎಲ್ಲಿ ತೇಲ್ತಿದೀನಿ ಅಂತ ಕಚೇರಿಗೆ ಯಾಕೆ ಗೊತ್ತಾಗ್ಬೇಕು ಗುನ್ವೊರ್? ನಿಂಗೆ ಗೊತ್ತಿದ್ರೆ ಸಾಕಲ್ವಾ?" ಎನ್ನುತ್ತಿದ್ದ.

ಅವನು ಹೋಗಿ ಎರಡು ವರ್ಷ. ನನ್ನ ಮನಸ್ಸಿಗೆ ನೋವಾಗಬಾರದೆಂದು ಊರಿನವರು ಅವನ ಹೆಸರು ಎತ್ತುವುದನ್ನೇ ಬಿಟ್ಟಿದ್ದರು. ಅಂಗಡಿಗೆ ಹೋದರೆ ಹವೆಯ ಮಾತು, ಹಡಗಿನ ವೇಳೆಯ ಮಾತು. ಅದು ಅವರ ಒಳ್ಳೆಯತನ, ನನಗೆ ಗೊತ್ತು. ಆದರೂ ಯಾರಾದರೂ ಒಮ್ಮೆ "ಆಲ್ಗೊಟ್" ಅನ್ನಲಿ ಎಂದು ಕಿವಿ ಕಾಯುತ್ತಿತ್ತು.

ಚಳಿಗಾಲದಲ್ಲಿ ಪಕ್ಕದ ಮನೆಯವರ ಹೊಸ ದೋಣಿಗೆ ನೋಂದಣಿ ಅರ್ಜಿ ತುಂಬಿಕೊಡುತ್ತಿದ್ದೆ. ನಡುವೆ ಒಂದು ಸಾಲು ಕಂಡಿತು: ಕಟ್ಟಿದವರ ಹೆಸರು. ಪೆನ್ನು ಅಲ್ಲೇ ನಿಂತಿತು.

ವಸಂತದಲ್ಲಿ ಬಂದರಿನ ಬಡಗಿ ವೆರ್ನರನನ್ನು ಕರೆದೆ. ಅವನು ಆಲ್ಗೊಟ್‌ನ ದೋಣಿಗೆ ಟೇಪು ಹಿಡಿದು ನೋಡಿದ.

"ಐದು ನಲವತ್ತೆಂಟು. ಖುಷಿಪಡಿ ಗುನ್ವೊರಕ್ಕ, ನೋಂದಣಿ ಬೇಡ."

"ನಂಗೆ ಬೇಕು."

"ಏನು? ಊರೆಲ್ಲ ನಂಬರ್ ತಪ್ಪಿಸ್ಕೊಳ್ಳೋಕೆ ನೋಡುತ್ತೆ, ನೀವು ಕೇಳ್ಕೊಂಡು ಬರ್ತೀರಾ? ಐದೂವರೆ ಅಂತ ಬರ್ದುಬಿಡಿ ಹಾಗಾದ್ರೆ, ಯಾರು ಬಂದು ಅಳೀತಾರೆ?"

"ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳ್ಕೊಟ್ಟಿದೀನಿ ವೆರ್ನರ್. ನಿಂಗೂ ಸೇರಿ."

"ಅದ್ಕೇ ನಂಗೆ ಗಣಿತ ಬರಲ್ಲ," ಎಂದು ನಕ್ಕ. ನಾನು ನಗಲಿಲ್ಲ. ಅರ್ಜಿ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟೆ. ಅವನು ಅದನ್ನು ಓದಿ, ಕೊಟ್ಟ ಕಾಫಿ ಬದಿಗಿಟ್ಟ.

ಆಮೇಲೆ ದೋಣಿಯ ಮೂತಿ ಸವರಿ, "ಇಲ್ಲಿ ಸವೆದಿದೆ ಅಕ್ಕ. ಬಂಡೆಗೆ ತಾಗಿ ತಾಗಿ. ಹೊಸ ಮರ ಹೊದಿಸ್ದೆ ನೀರಿಗಿಳಿಸೋಕಾಗಲ್ಲ," ಎಂದ.

ಸವೆದಿರಲಿಲ್ಲ. ಆಲ್ಗೊಟ್ ಪ್ರತಿ ವಸಂತದಲ್ಲೂ ಟಾರು ಬಳಿದು ಮಗುವಿನಂತೆ ನೋಡಿಕೊಂಡ ಮೂತಿ ಅದು. "ಹಾಗಾದ್ರೆ ಹೊದಿಸು," ಎಂದೆ.

ವೆರ್ನರ್ ಎರಡು ದಿನ ಕೆಲಸ ಮಾಡಿದ. ಕೊಟ್ಟಿಗೆಯ ಅಟ್ಟದಲ್ಲಿ ಆಲ್ಗೊಟ್ ಎತ್ತಿಟ್ಟಿದ್ದ ಓಕ್ ಮರದ ತುಂಡನ್ನೇ ಹುಡುಕಿ ತೆಗೆದಿದ್ದ. ಎಲ್ಲಿ ಹಳೆಯದು ಮುಗಿದು ಎಲ್ಲಿ ಹೊಸದು ಶುರುವಾಗುತ್ತದೆಂದು ಬೆರಳಿಗೂ ತಿಳಿಯದಂತೆ ಕೂಡಿಸಿದ್ದ. ಟೇಪಿನ ತುದಿಯನ್ನು ನನ್ನ ಕೈಗೆ ಕೊಟ್ಟು, "ಟೀಚರೇ ಓದ್ಲಿ," ಎಂದ.

ಐದು ಮೀಟರ್ ಐವತ್ತು.

ಕಾಗದ ಬಂತು, ನಂಬರ್ ಬಂತು. ಬಿಳಿ ಬಣ್ಣದಲ್ಲಿ ಮೂತಿಯ ಎರಡೂ ಬದಿಗೆ ನಾನೇ ಬರೆದೆ. ಬರೆಯುವಾಗ ಬೆನ್ನ ಹಿಂದೆ ಆಲ್ಗೊಟ್ ಗೊಣಗುತ್ತಿದ್ದಾನೆ ಅನ್ನಿಸಿ ಒಂದೆರಡು ಸಲ ತಿರುಗಿಯೂ ನೋಡಿದೆ. ಗೊಣಗಿದ್ದರೂ ಸಾಕಾಗಿತ್ತು.

ಜೂನಿನ ಒಂದು ಬೆಳಿಗ್ಗೆ ಒಬ್ಬಳೇ ಹೊರಟೆ, ಅವನು ಬಲೆ ಬಿಡುತ್ತಿದ್ದ ಬಂಡೆಗಳ ಕಡೆಗೆ. ಕರಾವಳಿ ಕಾವಲಿನವರ ದೋಣಿ ಎದುರಾಯಿತು. ಅದರಲ್ಲಿದ್ದ ನಡುವಯಸ್ಸಿನ ಹೆಂಗಸು, ಅಲೆ ನನ್ನನ್ನು ಅಲ್ಲಾಡಿಸಬಾರದೆಂದು ದೂರದಲ್ಲೇ ವೇಗ ತಗ್ಗಿಸಿ, ನಿಧಾನವಾಗಿ ಪಕ್ಕಕ್ಕೆ ಬಂದಳು.

"ನಮಸ್ಕಾರ ಅಮ್ಮ. ಹೊಸ ನಂಬರ್, ಹಳೇ ದೋಣಿ. ಒಂಚೂರು ನೋಡ್ಬಿಡ್ತೀನಿ, ಬೇಜಾರಾಗ್ಬೇಡಿ." ಕೈಯಲ್ಲಿದ್ದ ಯಂತ್ರದಲ್ಲಿ ನಂಬರ್ ಒತ್ತಿ ಗಟ್ಟಿಯಾಗಿ ಓದಿದಳು. "ಮಾಲೀಕರು, ಗುನ್ವೊರ್ ಸೆದರ್ಲುಂಡ್. ನೀವೇ ಅಲ್ವಾ? ಉದ್ದ ಐದೂವರೆ. ಕಟ್ಟಿದವರು, ಆಲ್ಗೊಟ್ ಸೆದರ್ಲುಂಡ್."

ಮೋಟಾರಿನ ಸದ್ದಿನಲ್ಲಿ ಅರ್ಧವೇ ಕೇಳಿಸಿತು.

"ಕೊನೇದು ಇನ್ನೊಂದ್ ಸಲ ಓದ್ತೀಯಾ ಮಗಳೇ?"

ಅವಳು ನನ್ನ ಮುಖ ನೋಡಿದಳು. ಕೈ ಚಾಚಿ ತನ್ನ ಮೋಟಾರ್ ಆರಿಸಿದಳು, ನಾನೂ ನನ್ನದನ್ನು ಆರಿಸಿದೆ. ನೀರು ಸುಮ್ಮನಾದ ಮೇಲೆ ಅವಳು ಮತ್ತೆ ಓದಿದಳು.